ಕಲ್ಲು ಕರಗಿಸುತ್ತಿದ್ದರಂತೆ!

ಹಳೇಬೀಡಿನ ಶಿಲ್ಪವೊಂದರ ಸರದ ಸಂದಿಯಲ್ಲಿ ಕಡ್ಡಿ ತೂರಿಸಿ, "ನಮ್ಮ ಹಿಂದಿನವರಿಗೆ ಸೊಪ್ಪಿನ ರಸದಿಂದ ಕಲ್ಲು ಕರಗಿಸುವ ವಿದ್ಯೆ ಗೊತ್ತಿತ್ತು" ಎನ್ನುವ ವಿಡಿಯೊ ನಿಮಗೂ ಬಂದಿರುತ್ತದೆ. ಕೇಳಲು ಹೊಗಳಿಕೆ, ಅಲ್ವಾ? ನನಗೆ ಮಾತ್ರ ಸಿಟ್ಟು ಬರುತ್ತದೆ. ಚಾಣ ಹಿಡಿದು ಅಂಗೈ ಜಡ್ಡುಗಟ್ಟಿಸಿಕೊಂಡವರ ಕೆಲಸವನ್ನು ಯಾವುದೋ ಸೊಪ್ಪಿನ ರಸದ ಲೆಕ್ಕಕ್ಕೆ ಬರೆದುಬಿಟ್ಟ ಹಾಗಾಯಿತು. ಸೋಮನಾಥಪುರದ ದೇವಾಲಯದ ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ಶಿಲ್ಪಗಳಲ್ಲಿ ತನ್ನ ಹೆಸರನ್ನೂ ಕೆತ್ತಿ ಹೋಗಿದ್ದಾನೆ. ಪಾಪ, ಅವನ ಮಾತು ಯಾರೂ ನಂಬುತ್ತಿಲ್ಲ.

ಹೊಯ್ಸಳರ ಕಲ್ಲಿನ ಗುಟ್ಟು ಸುಲಭ. ಅದು ಬಳಪದ ಕಲ್ಲಿನ ಜಾತಿ. ಅದರಲ್ಲಿರುವ ಟಾಲ್ಕ್, ಕ್ಲೋರೈಟ್‌ನಂಥ ಖನಿಜಗಳು ವೀಳ್ಯದೆಲೆ ಕಟ್ಟಿನ ಹಾಗೆ ಪದರ ಪದರ. ಎಲೆ ಗಟ್ಟಿ, ಎಲೆ ಎಲೆಯ ನಡುವಿನ ಹಿಡಿತ ಸಡಿಲ. ಫ್ರೀಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಟಾಲ್ಕ್‌ಗೆ 1, ವಜ್ರಕ್ಕೆ 10. ನಮ್ಮ ಉಗುರಿಗೇ ಎರಡೂವರೆ! ಗಾಳಿ ತಾಗಿದ ಮೇಲೆ ಈ ಕಲ್ಲು ಉಕ್ಕಿನಂತಾಗುತ್ತದೆ ಎಂಬ ಮಾತೂ ಉಂಟು. ಒಳಗಿನ ತೇವ ಆರಿ ಕೆಲವು ಕಲ್ಲುಗಳು ತುಸು ಬಿಗಿಯಾಗುವುದು ನಿಜ. ಆದರೆ ಟಾಲ್ಕ್ ಟಾಲ್ಕ್ ಆಗಿಯೇ ಇರುತ್ತದೆ. (ಪರೀಕ್ಷೆ ಮಾಡಲು ಬೇಲೂರಿಗೆ ಹೋಗಿ ಗೀರಬೇಡಿ, ದಯವಿಟ್ಟು.)

ಕಷ್ಟದ ಪ್ರಶ್ನೆ ಗ್ರಾನೈಟ್‌ನದು. ಅದರಲ್ಲಿರುವ ಕ್ವಾರ್ಟ್ಸ್ ಎಂಬ ಖನಿಜಕ್ಕೆ ಆ ಪಟ್ಟಿಯಲ್ಲಿ 7. ಉಕ್ಕಿನ ಚಾಣ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮೆತ್ತಗಿನದು ಗಟ್ಟಿಯದನ್ನು ಕೆತ್ತುವುದು ಹೇಗೆ? ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನ ಗುಂಗುರು ಕೂದಲು ಎಲ್ಲಿಂದ ಬಂತು?

ಆ ಪಟ್ಟಿ ಹೇಳುವುದು ಗೀರುವ ಲೆಕ್ಕ. ಶಿಲ್ಪಿ ಗೀರುವುದಿಲ್ಲ, ಹೊಡೆಯುತ್ತಾನೆ. ಬಟ್ಟೆ ಅಂಗಡಿಯವರನ್ನು ನೋಡಿ. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು, ಆಮೇಲೆ ಪರ್ರನೆ ಹರಿಯುವುದೇ. ಎಳೆದ ಬಲವೆಲ್ಲ ಕಚ್ಚಿನ ತುದಿಯ ಒಂದೆರಡು ಎಳೆಗಳ ಮೇಲೆ ಬಿತ್ತು. ಅವು ಹೋದವು, ಭಾರ ಪಕ್ಕದವಕ್ಕೆ ಬಿತ್ತು, ಅವೂ ಹೋದವು. ಕಲ್ಲಿನ ಬಿರುಕೂ ಹೀಗೇ ಓಡುತ್ತದೆ. 1921ರಲ್ಲಿ ಗ್ರಿಫಿತ್ ಎಂಬ ಎಂಜಿನಿಯರ್ ಗಾಜಿನ ಎಳೆಗಳನ್ನು ಮುರಿದು ಮುರಿದು ಇದಕ್ಕೆ ಲೆಕ್ಕ ಕೊಟ್ಟ. ವಿಮಾನದ ಕಾರ್ಖಾನೆಯೊಂದರ ಕೆಲಸದ ನಡುವೆ ಹುಟ್ಟಿದ ಲೆಕ್ಕ ಅದು! ಕಲ್ಲನ್ನು ಅದುಮಿದರೆ ಬಗ್ಗುವುದಿಲ್ಲ, ಅಗಲಿಸಿದರೆ ತಡೆಯುವುದಿಲ್ಲ. ಕ್ವಾರಿಯವರು ಸಾಲಾಗಿ ಕುಳಿ ತೋಡಿ ಬೆಣೆ ಬಡಿಯುವುದು ಅದಕ್ಕೇ. ತೆಂಗಿನಕಾಯಿ ತಿರುಗಿಸುತ್ತಾ ಸುತ್ತಲೂ ಕತ್ತಿಯ ಹಿಂಬದಿಯಿಂದ ತಟ್ಟಿದರೆ ಎರಡು ಹೋಳು ನೀಟಾಗಿ ಬರುತ್ತಲ್ಲ, ಹಾಗೆ. ಬಿರುಕು ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಗೊತ್ತಿರುವುದೇ ಶಿಲ್ಪಿಯ ವಿದ್ಯೆ. ಚಾಣ ಮೊಂಡಾದರೆ ಕುಲುಮೆಗೆ ಹಾಕಿ ಮತ್ತೆ ತಟ್ಟಿಕೊಳ್ಳುತ್ತಾನೆ, ಅಷ್ಟೆ.

ಕೆತ್ತುವ ಮುನ್ನ ಕಲ್ಲನ್ನು ಬಡಿದು ಕೇಳುವ ಪದ್ಧತಿಯೂ ಸುಮ್ನೆ ಬಂದಿದ್ದಲ್ಲ. ನಾದ ಕೇಳಿ ಗಂಡು ಕಲ್ಲು, ಹೆಣ್ಣು ಕಲ್ಲು ಎಂದು ವಿಂಗಡಿಸುವುದು ನಂಬಿಕೆ ಇರಬಹುದು. ಆದರೆ ಒಳಗೆ ಬಿರುಕಿದ್ದರೆ ಗಂಟೆಯ ದನಿ ಬರುವುದಿಲ್ಲ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ಅಜ್ಜಿಗೂ ಇದು ಗೊತ್ತು.

ಕೈಕೆಲಸ ಎಷ್ಟು ಎಂದು ತಿಳಿಯಲು ಹೊಯ್ಸಳರ ತನಕ ಹೋಗಬೇಕಿಲ್ಲ. ದೆಹಲಿಯ ಇಂಡಿಯಾ ಗೇಟ್ ಬಳಿಯ ನೇತಾಜಿ ಪ್ರತಿಮೆ 28 ಅಡಿ. 2022ರಲ್ಲಿ ಮೈಸೂರಿನ ಅರುಣ್ ಯೋಗಿರಾಜ್ ಅವರ ಮುಂದಾಳತ್ವದಲ್ಲಿ ಕೆತ್ತಿದ್ದು. ತೆಲಂಗಾಣದಿಂದ 140 ಚಕ್ರದ ಲಾರಿಯಲ್ಲಿ ಬಂದ ಗ್ರಾನೈಟ್ 280 ಟನ್. ಪ್ರತಿಮೆಯ ತೂಕ 65. ಉಳಿದ 215 ಟನ್ ಚೂರು, ಪುಡಿ! ಯಂತ್ರಗಳೂ ಇದ್ದವು, ಸಾಂಪ್ರದಾಯಿಕ ಕೈಕೆಲಸವೂ ಇತ್ತು. ಸರ್ಕಾರ ಕೊಟ್ಟ ಲೆಕ್ಕದಲ್ಲಿ ಒಟ್ಟು 26,000 ಗಂಟೆಗಳ ದುಡಿಮೆ.

ಅಯೋಧ್ಯೆಗೆ ಮೂವರು ಶಿಲ್ಪಿಗಳು ಮೂರು ರಾಮಲಲ್ಲಾ ಕೆತ್ತಿದರು. ಯೋಗಿರಾಜ್ ಮತ್ತು ಗಣೇಶ ಭಟ್ಟರದು ಕಪ್ಪು ಕಲ್ಲು, ಜೈಪುರದ ಸತ್ಯನಾರಾಯಣ ಪಾಂಡೆಯವರದು ಬಿಳಿ ಮಕ್ರಾನಾ ಅಮೃತಶಿಲೆ. 2024ರಲ್ಲಿ ಗರ್ಭಗುಡಿ ಸೇರಿದ್ದು ಯೋಗಿರಾಜ್ ಅವರ 51 ಇಂಚಿನ ಮೂರ್ತಿ. ಕಲ್ಲು ಮೈಸೂರು ಜಿಲ್ಲೆಯದು. ಕೂಡಲೇ ಇನ್ನೊಂದು ಸುದ್ದಿ ಹಬ್ಬಿತು. ಕೃಷ್ಣಶಿಲೆ ಎನ್ನುವ ಈ ಕಪ್ಪು ಕಲ್ಲಿನ ಮೇಲೆ ಹರಿದ ಹಾಲು ಔಷಧಿಯಂತೆ! ಹಾಲು ಹಾಲೇ. ಈ ಕಲ್ಲು ಸಿಲಿಕೇಟ್ ಜಾತಿಯದು, ಹಾಲು ಮೊಸರಿನ ಹುಳಿಗೆ ಕರಗುವುದಿಲ್ಲ, ಇಷ್ಟೇ ಅದರ ಹೆಚ್ಚುಗಾರಿಕೆ. ಅಮೃತಶಿಲೆ ಹಾಗಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಮನೆಯಲ್ಲಿ ಬಿಳಿಯ ಪುಟ್ಟ ಗಣಪ ಇದ್ದರೆ ಮೊಸರಿನ ಅಭಿಷೇಕ ಆದ ಕೂಡಲೇ ಜಾಸ್ತಿ ನೀರು ಸುರಿಯಿರಿ. ನಿಂಬೆಹಣ್ಣು ಹಚ್ಚಿ ಉಜ್ಜುವುದಂತೂ ಬೇಡವೇ ಬೇಡ.