ಎಂಎಲ್‌ಎ ಎಂಪಿ ಆದರೆ ಹಳೆ ಸೀಟು ಬಿಡಲೇಬೇಕಾ?

‘ನಮ್ಮ ಎಮ್ಮೆಲ್ಲೆ ಸಾಹೇಬ್ರು ಎಂಪಿ ಆದ್ರು, ಛಲೋ ಆತು. ಆದ್ರ ಇಲ್ಲಿ ಸೀಟು ಯಾಕ ಬಿಡಬೇಕ್ರಿ? ಎರಡೂ ಇಟ್ಕೊಂಡ್ರ ಏನಾಗ್ತದ?’

ಶಿಗ್ಗಾಂವಿ ಶಾಸಕ ಬಸವರಾಜ ಬೊಮ್ಮಾಯಿ ಸಂಸದರಾದ 2024ರಿಂದ ಶಿಗ್ಗಾಂವಿ, ಸವಣೂರು ಕಡೆಯ ಓದುಗರು ಕೇಳುತ್ತಲೇ ಇರುವ ಪ್ರಶ್ನೆ ಇದು.

ಎರಡೂ ಇಟ್ಟುಕೊಂಡರೆ ಎಂಪಿ ಸೀಟೇ ಹೋಗುತ್ತದೆ. ಜಾಸ್ತಿ ಜನ ಇದನ್ನು ಉಲ್ಟಾ ತಿಳಿದಿದ್ದಾರೆ. ದಿಲ್ಲಿಗೆ ಗೆದ್ದ ಕೂಡಲೇ ಇಲ್ಲಿನ ಸೀಟು ತಾನಾಗಿ ಖಾಲಿ ಆಗುತ್ತದೆ ಅಂತ. ಹಾಗಿಲ್ಲ. ಸಂವಿಧಾನದ 101ನೇ ವಿಧಿ ಇದೆ. ಅದರಡಿ 1950ರಲ್ಲಿ ಮಾಡಿದ ನಿಯಮವೂ ಇದೆ. ಗೆದ್ದದ್ದು ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದೆ ಸುಮ್ನೆ ಕೂತರೆ ಖಾಲಿ ಆಗುವುದು ಸಂಸತ್ತಿನ ಸೀಟು. ಶಾಸಕ ಸ್ಥಾನಕ್ಕೆ ಏನೂ ಆಗುವುದಿಲ್ಲ! ಚುನಾವಣೆಗೆ ನಿಲ್ಲುವ ಮೊದಲೇ ರಾಜೀನಾಮೆ ಕೊಡಬೇಕು ಅನ್ನುವುದೂ ತಪ್ಪು. ಶಾಸಕರಾಗಿದ್ದುಕೊಂಡೇ ಎಂಪಿ ಚುನಾವಣೆಗೆ ನಿಲ್ಲಬಹುದು.

ಬಸವರಾಜ ಬೊಮ್ಮಾಯಿ ಅವರ ಲೆಕ್ಕ ನೋಡಿ. 2008ರಿಂದ ಸತತ ನಾಲ್ಕು ಸಲ ಶಿಗ್ಗಾಂವಿಯಿಂದ ಶಾಸಕ, ನಡುವೆ ಮುಖ್ಯಮಂತ್ರಿ. 2024ರ ಜೂನ್‌ನಲ್ಲಿ ಹಾವೇರಿ ಸಂಸದ. ಶಾಸಕ ಸ್ಥಾನ ಬಿಟ್ಟರು. ಖಾಲಿಯಾದ ಸೀಟಿಗೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ವಿನಾಯಿತಿ ಇದೆ. ನವೆಂಬರ್ 13ಕ್ಕೆ ಶಿಗ್ಗಾಂವಿಯಲ್ಲಿ ಮತದಾನ ಆಯಿತು. ಅವರ ಮಗ ಭರತ್ ನಿಂತು ಸೋತರು, ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. 2023ರ ಮೇಯಿಂದ ಲೆಕ್ಕ ಹಾಕಿದರೆ ಹದಿನೆಂಟು ತಿಂಗಳಲ್ಲಿ ಮೂರು ಸಲ ಬೆರಳಿಗೆ ಶಾಯಿ!

ಇಲ್ಲಿ ಒಂದು ಮಜಾ ಇದೆ. ಶಿಗ್ಗಾಂವಿ ಇರುವುದು ಹಾವೇರಿ ಜಿಲ್ಲೆಯಲ್ಲಿ. ಆದರೆ ಲೋಕಸಭೆಗೆ ಅದು ಧಾರವಾಡ ಕ್ಷೇತ್ರಕ್ಕೆ ಸೇರುತ್ತದೆ. ಹಾವೇರಿ ಲೋಕಸಭಾ ಕ್ಷೇತ್ರದಲ್ಲಿರುವುದು ಹಾವೇರಿ, ಹಾನಗಲ್, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು, ಜೊತೆಗೆ ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ. ಹಾಗಾಗಿ 2024ರ ಮೇಯಲ್ಲಿ ಶಿಗ್ಗಾಂವಿಯವರು ಒತ್ತಿದ ಮತಯಂತ್ರದಲ್ಲಿ ಬೊಮ್ಮಾಯಿ ಹೆಸರೇ ಇರಲಿಲ್ಲ. ತಮ್ಮ ಶಾಸಕರನ್ನು ದಿಲ್ಲಿಗೆ ಕಳಿಸಿದ್ದು ಬೇರೆಯವರ ವೋಟು. ಉಪಚುನಾವಣೆಗೆ ಸಾಲಿನಲ್ಲಿ ನಿಂತದ್ದು ಮಾತ್ರ ಇವರು.

ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಅವರದ್ದು ಬೇರೆ ದಾರಿ. 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತು, ವಿಧಾನ ಪರಿಷತ್ತಿಗೆ ಹೋದರು. 2024ರ ಜನವರಿಯಲ್ಲಿ ಬಿಜೆಪಿಗೆ ಮರಳುವಾಗ ಆ ಸ್ಥಾನ ಬಿಟ್ಟರು, ಆಮೇಲೆ ಬೆಳಗಾವಿಯಿಂದ ಸಂಸದರಾದರು. ಮೊದಲೇ ಬಿಟ್ಟಿದ್ದರಿಂದ 14 ದಿನದ ಮಾತೇ ಬರಲಿಲ್ಲ.

ಎಂಪಿ ಅಂದರೆ ಬಡ್ತಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದುಡ್ಡಿನ ಲೆಕ್ಕವನ್ನೇ ತಗೊಳ್ಳಿ. ನಮ್ಮ ರಾಜ್ಯದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದೂ ಒಂದೇ ಕ್ಷೇತ್ರಕ್ಕೆ. ಸಂಸದರ ನಿಧಿ 5 ಕೋಟಿ, ಅದನ್ನು ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಬೇಕು. ಒಂದಕ್ಕೆ 62.5 ಲಕ್ಷ ಬಂತು, ಅಷ್ಟೇ. ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ, ಸರ್ಕಾರಿ ಆಸ್ಪತ್ರೆ ಎಲ್ಲ ರಾಜ್ಯದ ಕೈಯಲ್ಲಿವೆ. ಎಂಪಿಗೆ ಅಲ್ಲಿ ಶಾಸಕರಷ್ಟು ಹಿಡಿತ ಇರುವುದಿಲ್ಲ. ರೈಲು, ರಾಷ್ಟ್ರೀಯ ಹೆದ್ದಾರಿ ಅಂದಾಗ ಮಾತು ಬೇರೆ.

ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಮಾತು ಇನ್ನೂ ಬೇರೆ. ಮಹದಾಯಿ ನ್ಯಾಯಮಂಡಳಿ ತೀರ್ಪು ಬಂದದ್ದು 2018ರಲ್ಲಿ. ನಾಲೆ ತೋಡುವುದು ರಾಜ್ಯ, ಆದರೆ ಅರಣ್ಯ, ವನ್ಯಜೀವಿ ಅನುಮತಿ ದಿಲ್ಲಿಯಿಂದಲೇ ಬರಬೇಕು. ಬೊಮ್ಮಾಯಿ 2008ರಿಂದ 2013ರವರೆಗೆ ರಾಜ್ಯದ ಜಲಸಂಪನ್ಮೂಲ ಮಂತ್ರಿ. ಆಗ ಬೆಂಗಳೂರಿನಲ್ಲಿ ಕೂತು ದಿಲ್ಲಿಯ ದಾರಿ ಕಾಯಬೇಕಿತ್ತು. ಈಗ ದಿಲ್ಲಿಯಲ್ಲೇ ಇದ್ದಾರೆ, 543 ಜನರಲ್ಲಿ ಒಬ್ಬರಾಗಿ. ಕಳಸಾ-ಬಂಡೂರಿ ಏನಾಯಿತು ಅಂತ ಗದಗ, ರೋಣದವರು ತಮ್ಮ ಎಂಪಿಗೆ ಧಾರಾಳವಾಗಿ ಕೇಳಬಹುದು.

ಶಿಗ್ಗಾಂವಿಯವರಿಗೆ ಮಾತ್ರ ಅವರು ಈಗ ಶಾಸಕರೂ ಅಲ್ಲ, ಸಂಸದರೂ ಅಲ್ಲ. ಚರಂಡಿ, ಶಾಲೆ ಅಂದರೆ ಪಠಾಣ್ ಅವರ ಬಳಿ ಹೋಗಿ. ರೈಲು, ಹೆದ್ದಾರಿ ಅಂದರೆ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರಿಗೆ ಅರ್ಜಿ ಬರೆಯಿರಿ. ಹಳೆ ಪರಿಚಯದ ಮೇಲೆ ಬೊಮ್ಮಾಯಿ ಅವರಿಗೆ ಫೋನ್ ಮಾಡುತ್ತೀರಾ, ಅದು ನಿಮಗೆ ಬಿಟ್ಟದ್ದು.