ಸವೆದ ಹೆಬ್ಬೆರಳು ಮತ್ತು ವಿಶ್ವಸಂಸ್ಥೆಯ ಪಟ್ಟಿ

ನವೆಂಬರ್ ಬಂತೆಂದರೆ ಮುಂಬೈ ಬಳಿಯ ಡೊಂಬಿವಲಿಯ ನನ್ನ ಆಫೀಸಿನ ಬಾಗಿಲಲ್ಲಿ ಚಪ್ಪಲಿ ತುಂಬುತ್ತವೆ. ಇಪ್ಪತ್ತಾರು ವರ್ಷಗಳಿಂದ ಹೋಟೆಲುಗಳ ಪಿಎಫ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮಾಟುಂಗಾ, ದಾದರ್, ಠಾಣೆಯ ಹೋಟೆಲುಗಳಲ್ಲಿ ದುಡಿದು ನಿವೃತ್ತರಾದ ನಮ್ಮೂರ ಕಡೆಯವರು, ತೀರಿಕೊಂಡವರ ಹೆಂಡಂದಿರು ‘ಹಯಾತಿಚಾ ದಾಖ್ಲಾ’ ಮಾಡಿಸಲು ಬರುತ್ತಾರೆ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಕೊಡಬೇಕಾದ ಲೈಫ್ ಸರ್ಟಿಫಿಕೇಟ್ ಅದು. ಪಿಎಫ್ ಪಿಂಚಣಿಯವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಆದರೂ ನವೆಂಬರ್ ರೂಢಿ ಬಿಟ್ಟಿಲ್ಲ.

ಕಳೆದ ಸಲ ಬಂದಿದ್ದ ಕುಂದಾಪುರ ಕಡೆಯ ಅಮ್ಮನಿಗೆ ಎಪ್ಪತ್ತು ದಾಟಿದೆ. ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದವರು. ಈಕೆ ಮನೆಯಲ್ಲೇ ಹಪ್ಪಳ ಲಟ್ಟಿಸಿ ಮಾರಿ ಮಕ್ಕಳನ್ನು ಓದಿಸಿದವರು. ಹೆಬ್ಬೆರಳಿನ ಗೆರೆಗಳು ಸವೆದು ನುಣುಪಾಗಿಬಿಟ್ಟಿವೆ. ಒರೆಸಿ ಒತ್ತಿಸಿದೆ, ಬೆರಳು ಬದಲಿಸಿ ಒತ್ತಿಸಿದೆ, ಬೆರಳಚ್ಚಿನ ಯಂತ್ರ ಒಪ್ಪಲಿಲ್ಲ. “ನಾನ್ ಬದ್ಕಿದ್ದೆ ಅಂದೇಳಿ ಇದ್ಕೆ ಗೊತ್ತಾತಿಲ್ಯಾ ಮಗಾ?” ಎಂದರು. ಹಿಂದಿನ ವರ್ಷ ಇದೇ ಕಾರಣಕ್ಕೆ ಮೂರು ತಿಂಗಳು ಅವರ ಪಿಂಚಣಿ ನಿಂತಿತ್ತು. ಒಂದು ಕೌಂಟರಿನಲ್ಲಿ “ಆನ್‌ಲೈನ್ ಮಾಡಿಸಿ” ಎಂದು ವಾಪಸ್ ಕಳಿಸಿದ್ದರಂತೆ. ತಿಂಗಳಿಗೆ ಸಾವಿರ ರೂಪಾಯಿ ಪಿಂಚಣಿ ಅವರದು. ಮಾತ್ರೆಯ ಖರ್ಚು ಅದರಲ್ಲೇ ಹೋಗಬೇಕು.

ನನ್ನ ಬಳಿ ಬರುವವರ ಮಕ್ಕಳು ಒಂದು ಪ್ರಶ್ನೆ ಕೇಳುತ್ತಿರುತ್ತಾರೆ: ಯುಪಿಐ ಕಟ್ಟಿದ ದೇಶಕ್ಕೆ ವಿಶ್ವಸಂಸ್ಥೆಯ ಇ-ಆಡಳಿತ ಪಟ್ಟಿಯಲ್ಲಿ 97ನೇ ಸ್ಥಾನ ಯಾಕೆ? ಎರಡು ವರ್ಷಕ್ಕೊಮ್ಮೆ 193 ದೇಶಗಳನ್ನು ಅಳೆಯುವ ಪಟ್ಟಿ ಅದು. 2024ರಲ್ಲಿ ಡೆನ್ಮಾರ್ಕ್, ಎಸ್ಟೋನಿಯಾ, ಸಿಂಗಾಪುರ ಮೊದಲ ಮೂರು. ನಾವು 2018ರಲ್ಲಿ 96, 2022ರಲ್ಲಿ 105, 2024ರಲ್ಲಿ 97. ಅಂಕಕ್ಕೆ ಮೂರು ಪಾಲು, ಮೂರೂ ಸಮ: ಆನ್‌ಲೈನ್ ಸೇವೆ, ಫೋನು-ಇಂಟರ್‌ನೆಟ್ ಜನರಿಗೆ ಎಷ್ಟು ಮುಟ್ಟಿದೆ ಎನ್ನುವುದು, ಜನರ ಓದು. ಸೇವೆಯ ಪಾಲಿನಲ್ಲಿ ನಮ್ಮ ಅಂಕ ಚೆನ್ನಾಗಿದೆ. ಕೆಳಗೆ ಎಳೆಯುವುದು ಉಳಿದೆರಡು. ಹಾಗಾಗಿ ಈ ಪಟ್ಟಿ ನಮಗೆ ಅನ್ಯಾಯ ಮಾಡಿದೆ ಎಂದು ನನಗನಿಸುವುದಿಲ್ಲ. ನನ್ನ ಬೆಂಚಿನ ಮೇಲೆ ಕೂತವರಲ್ಲಿ ಎಷ್ಟು ಜನ ಒಟಿಪಿಯನ್ನು ತಾವೇ ಓದಬಲ್ಲರು ಎಂದು ನೋಡಿದರೆ ಸಾಕು.

ಹೊರದೇಶದ ಮನ್ನಣೆ ನಮಗೆ ಬೇರೆ ದಾರಿಯಲ್ಲಿ ಬಂದಿದೆ, ಅದು ಹೆಮ್ಮೆಯದೇ. 2023ರ ಫೆಬ್ರುವರಿಯಲ್ಲಿ ಯುಪಿಐಯನ್ನು ಸಿಂಗಾಪುರದ ಪೇನೌ ಎಂಬ ಹಣ ಕಳಿಸುವ ವ್ಯವಸ್ಥೆಯ ಜೊತೆ ಜೋಡಿಸಿದರು. ಬೆಂಗಳೂರಿನ ಐಐಐಟಿಯಲ್ಲಿ ಹುಟ್ಟಿದ ಮೋಸಿಪ್ ಎಂಬ ಗುರುತಿನ ವ್ಯವಸ್ಥೆಯನ್ನು ಫಿಲಿಪ್ಪೀನ್ಸ್, ಮೊರಾಕ್ಕೊ ತೆಗೆದುಕೊಂಡಿವೆ.

ಆದರೆ ನಾನು ಹೇಳಬೇಕೆಂದಿರುವುದು ಡೆನ್ಮಾರ್ಕ್ ಬಗ್ಗೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ 2018ರಿಂದ 2024ರವರೆಗೆ ಸತತ ನಾಲ್ಕು ಸಲ ಮೊದಲ ಸ್ಥಾನ ಅದರದ್ದು. 2014ರ ನವೆಂಬರ್‌ನಿಂದ ಅಲ್ಲಿ 15 ದಾಟಿದವರಿಗೆಲ್ಲ ಸರ್ಕಾರಿ ಪತ್ರ ಬರುವುದು ಡಿಜಿಟಲ್ ಅಂಚೆಯಲ್ಲೇ. ಅದೇ ನಿಯಮದಲ್ಲಿ ವಿನಾಯಿತಿಯೂ ಇದೆ: ಕಂಪ್ಯೂಟರ್ ಬಳಸಲು ಆಗದವರು ಅರ್ಜಿ ಕೊಟ್ಟು ಕಾಗದದ ಪತ್ರವನ್ನೇ ಪಡೆಯಬಹುದು. ಮುಂದಿರುವ ದೇಶ ಈ ಎರಡನೇ ಬಾಗಿಲನ್ನು ಕಾನೂನಿನಲ್ಲೇ ಬರೆದಿಟ್ಟಿದೆ, ಕೌಂಟರಿನಲ್ಲಿ ಕೂತವರ ಮರ್ಜಿಗೆ ಬಿಟ್ಟಿಲ್ಲ. ನಮ್ಮಲ್ಲೂ ಅಂತಹ ಬಾಗಿಲುಗಳಿವೆ. ಲೈಫ್ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲೇ ಕೊಡುವ ಜೀವನ್ ಪ್ರಮಾಣ್ ಶುರುವಾದದ್ದು 2014ರಲ್ಲಿ, ಮುಖ ತೋರಿಸಿ ದಾಖಲೆ ಮಾಡುವ ಸೌಲಭ್ಯ ಬಂದದ್ದು 2021ರಲ್ಲಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಇವು ಆ ಅಮ್ಮನಿಗೆ ಗೊತ್ತಿರಲಿಲ್ಲ ಎಂಬುದಕ್ಕಿಂತ ಕೌಂಟರಿನವರು ಹೇಳಲಿಲ್ಲ ಎಂಬುದು ನನಗೆ ನೋವಿನ ವಿಷಯ.

ಅವರನ್ನು ಎಬ್ಬಿಸಿ ಕಿಟಕಿಯತ್ತ ಮುಖ ಮಾಡಿ ಕೂರಿಸಿದೆ. ಬೆಳಕು ಎದುರಿಗೇ ಬೀಳಬೇಕು, ಬೆನ್ನ ಹಿಂದೆ ಬಿದ್ದರೆ ಮುಖ ಕಪ್ಪಾಗುತ್ತದೆ. ಕನ್ನಡಕ ತೆಗೆಸಿ, ಸೆರಗು ಸರಿಸಲು ಹೇಳಿ, ಮೊಬೈಲಿನ ಕ್ಯಾಮೆರಾ ಹಿಡಿದೆ. “ಅಮ್ಮಾ, ಒಮ್ಮೆ ಕಣ್ಣು ಮುಚ್ಚಿ ತೆರೀರಿ.” ಎರಡನೇ ಸಲಕ್ಕೆ ಹಸಿರು ಗೆರೆ ಬಂತು. ತುಸು ಹೊತ್ತಿಗೆ ಅವರ ಫೋನಿಗೆ ಪ್ರಮಾಣ್ ಐಡಿಯ, ಅಂದರೆ ಆ ಸರ್ಟಿಫಿಕೇಟಿನ ನಂಬರಿನ, ಮೆಸೇಜು ಬಂತು. ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಚೀಲದಿಂದ ಪಾಸ್‌ಬುಕ್ ತೆಗೆದು, ಅದರ ಹಿಂಬದಿಯಲ್ಲಿ ನಂಬರನ್ನೂ ಮುಂದಿನ ವರ್ಷದ ತಾರೀಕನ್ನೂ ದೊಡ್ಡಕ್ಷರದಲ್ಲಿ ಬರೆಸಿಕೊಂಡು ಹೊರಟರು.