‘ಮೇಕ್ ಅಪ್’ ಎಂದರೆ ಕಟ್ಟುವುದು

‘ಸಮಿತಿಯು ಹನ್ನೊಂದು ಸದಸ್ಯರಿಂದ ಮಾಡಲ್ಪಟ್ಟಿದೆ.’ ಅನುವಾದಗಳನ್ನು ತಿದ್ದುವಾಗ ನನಗೆ ಪದೇ ಪದೇ ಎದುರಾಗುವ ವಾಕ್ಯವಿದು. ಇದರ ಹಿಂದೆ ಇರುವುದು ‘ಮೇಡ್ ಅಪ್ ಆಫ್’. ಅನುವಾದಕರು ‘ಮೇಕ್’ ಅನ್ನು ಹಿಡಿದುಕೊಂಡರು, ‘ಅಪ್’ ಅನ್ನು ಏನು ಮಾಡಬೇಕೆಂದು ತಿಳಿಯದೆ ಕೈಬಿಟ್ಟರು. ‘ಸಮಿತಿಯಲ್ಲಿ ಹನ್ನೊಂದು ಮಂದಿ ಇದ್ದಾರೆ’ ಎಂದಿದ್ದರೆ ಮುಗಿಯುತ್ತಿತ್ತು.

ಕ್ರಿಯಾಪದಕ್ಕೆ ಅಪ್, ಆಫ್, ಔಟ್‌ನಂಥ ಪುಟ್ಟ ಪದವೊಂದು ಅಂಟಿ ಹೊಸ ಅರ್ಥ ಹುಟ್ಟಿಸುವುದು ಇಂಗ್ಲಿಷಿನ ಹಳೆಯ ಗುಣ. ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ 1755ರ ನಿಘಂಟಿನ ಮುನ್ನುಡಿಯಲ್ಲೇ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಇಂಥ ಜೋಡಣೆಗಳೇ ಎಂದು ಬರೆದಿದ್ದಾರೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ರೂಢಿಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಲೇಖಕ ಲೋಗನ್ ಪಿಯರ್ಸಾಲ್ ಸ್ಮಿತ್ ಅದನ್ನು ಬಳಸಿದ ಮೇಲೆ.

ಇಲ್ಲಿ ‘ಅಪ್’ ಎಂದರೆ ‘ಮೇಲೆ’ ಎಂದುಕೊಂಡರೆ ದಾರಿ ತಪ್ಪಿದಂತೆಯೇ. ‘ಈಟ್ ಅಪ್’ ಎಂದರೆ ಮೇಲಕ್ಕೆ ತಿನ್ನುವುದಲ್ಲ, ಪೂರ್ತಿ ತಿಂದುಬಿಡುವುದು. ‘ಯೂಸ್ ಅಪ್’ ಎಂದರೆ ಬಳಸಿ ಖಾಲಿ ಮಾಡುವುದು. ನಮ್ಮ ‘ತಿಂದುಬಿಡು’, ‘ಮುಗಿಸಿಬಿಡು’ಗಳಲ್ಲಿ ‘ಬಿಡು’ ಮಾಡುವ ಕೆಲಸವನ್ನೇ ಈ ‘ಅಪ್’ ಅಲ್ಲಿ ಮಾಡುತ್ತಿದೆ. ಹಾಗಾಗಿ ‘ಮೇಕ್ ಅಪ್’ನ ತಿರುಳಿನಲ್ಲಿ ಇರುವುದು ಬಿಡಿಬಿಡಿಯಾದದ್ದನ್ನು ಸೇರಿಸಿ ಇಡಿಯಾಗಿಸುವುದು. ಇದಕ್ಕೆ ಸರಿಸಾಟಿಯಾದ ಮಾತು ‘ಮಾಡು’ ಅಲ್ಲ, ‘ಕಟ್ಟು’. ಇದು ಹೊಳೆದ ದಿನದಿಂದ ಈ ಪದದ ಬಗ್ಗೆ ನನಗಿದ್ದ ಅಂಜಿಕೆ ಹೋಗಿದೆ.

ಪರೀಕ್ಷಿಸಿ ನೋಡಿ. ಇಲ್ಲದ್ದನ್ನು ಹುಟ್ಟಿಸಿ ಹೇಳುವುದು ಇಂಗ್ಲಿಷಿನಲ್ಲಿ ‘ಮೇಕ್ ಅಪ್ ಎ ಸ್ಟೋರಿ’, ನಮ್ಮಲ್ಲಿ ಕಥೆ ಕಟ್ಟುವುದು. ಔಷಧ ಅಂಗಡಿಯವರು ವೈದ್ಯರ ಚೀಟಿ ನೋಡಿ ಔಷಧವನ್ನು ‘ಮೇಕ್ ಅಪ್’ ಮಾಡುತ್ತಾರೆ. ನಾವು ಔಷಧ ಕಟ್ಟಿಕೊಡುತ್ತಾರೆ ಎನ್ನುತ್ತೇವೆ. ಸಾಮಾನುಗಳನ್ನು ಸೇರಿಸಿ ಪೊಟ್ಟಣ ಕಟ್ಟುವುದಕ್ಕೂ, ಮುದ್ರಣದವರು ಪುಟ ಕಟ್ಟುವುದಕ್ಕೂ ಅವರಲ್ಲಿ ಇದೇ ಮಾತು. ಆದ ನಷ್ಟವನ್ನು ತುಂಬುವುದೂ ‘ಮೇಕ್ ಅಪ್’; ಕನ್ನಡದಲ್ಲಿ ನಷ್ಟ ಕಟ್ಟಿಕೊಡುವುದು. ಕೊನೆಗೆ ಮುಖದ ಬಣ್ಣಕ್ಕೆ ಬಂದರೂ ಅಷ್ಟೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯಲ್ಲಿ ನಟರು ಪಾತ್ರಕ್ಕಾಗಿ ಬಣ್ಣ, ಕೂದಲು, ಉಡುಪುಗಳಿಂದ ಸಜ್ಜಾಗುವುದನ್ನು ‘ಮೇಕ್ ಅಪ್’ ಎನ್ನುತ್ತಿದ್ದರು. ನಾವು ಅದನ್ನು ವೇಷ ಕಟ್ಟುವುದು ಎಂದೆವು. ನಾವಿಂದು ಬಳಸುವ ‘ಮೇಕಪ್’ ಆ ಪೂರ್ತಿ ಸಿದ್ಧತೆಯಲ್ಲಿ ಉಳಿದುಕೊಂಡ ಬಣ್ಣದ ಭಾಗ ಮಾತ್ರ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಇಷ್ಟೊಂದು ಕಡೆ ಒಂದೇ ಬಗೆಯಲ್ಲಿ ಯೋಚಿಸಿರುವುದು ನನಗೆ ಈಗಲೂ ಬೆರಗು.

ಎಲ್ಲ ಕಡೆಯೂ ‘ಕಟ್ಟು’ ನಡೆಯುವುದಿಲ್ಲ, ನಿಜ. ಜಗಳವಾಡಿದ ಇಬ್ಬರು ‘ಮೇಡ್ ಅಪ್’ ಎಂದರೆ ಮುನಿಸು ಬಿಟ್ಟು ಒಂದಾದರು ಎಂದು. ಇದನ್ನು ‘ರಾಜಿಯಾದರು’ ಎಂದು ಬರೆಯುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ರಾಜಿಯಲ್ಲಿ ಷರತ್ತಿನ, ನ್ಯಾಯಾಲಯದ ವಾಸನೆ ಇದೆ. ಇಂಗ್ಲಿಷಿನ ಮಾತಿನಲ್ಲಿರುವುದು ಒಡೆದ ಮನಸ್ಸು ಕೂಡಿಕೊಂಡ ನಿರಾಳ. ‘ಮೇಕ್ ಅಪ್ ಯುವರ್ ಮೈಂಡ್’ ವಿಷಯದಲ್ಲೂ ಎಚ್ಚರ ಬೇಕು. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬುದು ಹತ್ತಿರವೆನಿಸಿದರೂ ಅದು ದುಃಖವನ್ನೋ ಭಯವನ್ನೋ ತಡೆದುಕೊಳ್ಳಲು ಹೇಳುವ ಮಾತು. ಅತ್ತಿತ್ತ ಹೊಯ್ದಾಡುವ ಮನಸ್ಸು ಒಂದು ಕಡೆ ನಿಲ್ಲಬೇಕೆಂದಾಗ ‘ಒಂದು ತೀರ್ಮಾನಕ್ಕೆ ಬಾ’ ಎನ್ನುವುದೇ ಸರಿ.

ಓದುವಾಗ ಯಾವ ಅರ್ಥವೆಂದು ತಿಳಿಯುವುದು ಹೇಗೆ? ‘ಅಪ್’ ಆದ ಮೇಲೆ ಬರುವ ಪದವನ್ನು ನೋಡಬೇಕು. ‘ವಿತ್’ ಬಂದರೆ ಮತ್ತೆ ಒಂದಾಗುವುದು, ‘ಫಾರ್’ ಬಂದರೆ ಕೊರತೆ ತುಂಬುವುದು. ‘ಮೇಡ್ ಅಪ್ ಆಫ್’ ಎಂದಿದ್ದರೆ ಒಂದರಲ್ಲಿ ಏನೇನು ಕೂಡಿದೆ ಎಂಬ ವಿವರ. ‘ಟು’ ಬಂದರೆ ಸ್ವಲ್ಪ ತಡೆದು ಓದಿ: ‘ಮೇಕ್ ಅಪ್ ಟು’ ಎಂಬುದಕ್ಕೆ ಬ್ರಿಟಿಷ್ ಬಳಕೆಯಲ್ಲಿ ಲಾಭಕ್ಕಾಗಿ ಓಲೈಸುವುದು ಎಂಬ ಅರ್ಥವಿದೆ, ಆದರೆ ನಡುವೆ ‘ಇಟ್’ ಸೇರಿ ‘ಮೇಕ್ ಇಟ್ ಅಪ್ ಟು’ ಆದರೆ ಆದ ಬೇಸರಕ್ಕೋ ನಷ್ಟಕ್ಕೋ ಪ್ರತಿಯಾಗಿ ಏನಾದರೂ ಮಾಡಿ ಸರಿದೂಗಿಸುವುದು. ಎರಡೇ ಅಕ್ಷರದ ಪದ ಹೊಗಳುಭಟನನ್ನು ಋಣ ತೀರಿಸುವವನನ್ನಾಗಿ ಮಾಡಿಬಿಡುತ್ತದೆ. ‘ಇಟ್’ ಎಲ್ಲಿ ಕೂರಬೇಕೆಂಬುದಕ್ಕೂ ಕಟ್ಟುನಿಟ್ಟಿದೆ. ‘ಮೇಡ್ ಅಪ್ ದ ಸ್ಟೋರಿ’, ‘ಮೇಡ್ ದ ಸ್ಟೋರಿ ಅಪ್’ ಎರಡೂ ಸರಿ. ಕಥೆಯ ಬದಲು ‘ಇಟ್’ ಬಂದರೆ ‘ಮೇಡ್ ಇಟ್ ಅಪ್’ ಮಾತ್ರ ಸರಿ.

ನಾಮಪದವಾದಾಗ ಇದರ ಹರವು ಇನ್ನೂ ದೊಡ್ಡದು. ‘ಜೆನೆಟಿಕ್ ಮೇಕಪ್’ ಎಂಬುದು ಜೀವಿಯ ಆನುವಂಶಿಕ ರಚನೆ. ಒಬ್ಬರ ‘ಮೇಕಪ್’ನಲ್ಲಿ ಸಿಟ್ಟೇ ಇಲ್ಲ ಎಂದು ಬರೆದಿದ್ದರೆ ಅದು ಸ್ವಭಾವದ ಮಾತು, ಮುಖದ್ದಲ್ಲ. ಲಿವರ್‌ಪೂಲ್ ಕಡೆಯವರು ‘ಐ ಆಮ್ ಮೇಡ್ ಅಪ್’ ಎಂದರಂತೂ ಅಲ್ಲಿ ಬಣ್ಣವೂ ಇಲ್ಲ, ಕಟ್ಟುಕಥೆಯೂ ಇಲ್ಲ. ಅವರು ಹೇಳುತ್ತಿರುವುದು ‘ನನಗೆ ತುಂಬಾ ಖುಷಿಯಾಗಿದೆ’ ಎಂದು.